ಹಾರುಹಲಗೆ

"ಯಾಕ್ರೀ, ಈ ಸಲ ಹಲಗೆ ಇಳಿಸ್ಲಿಲ್ಲ?" ಎಂದು ಹೆಂಡತಿ ಕೇಳಿದಾಗ ಮಾಸ್ತರು ಕನ್ನಡಿಯ ಮುಂದೆ ಗದ್ದಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದರು. ಅವಳು ಅದನ್ನು ವಿಶೇಷವಾಗಿ ಕೇಳಿದ್ದೇನಲ್ಲ. ಹಾಲು ಬಂತಾ, ಗ್ಯಾಸು ಮುಗೀತಾ ಎಂದು ಕೇಳುವ ದನಿಯಲ್ಲೇ, ಒಗೆದ ಬಟ್ಟೆ ಕೊಡವುತ್ತ ಕೇಳಿದ್ದಳು. ಮಾಸ್ತರು ಬ್ಲೇಡನ್ನು ಕೆನ್ನೆಯ ಮೇಲೆ ಎಳೆದರು. ಮುಖದ ತುಂಬ ನೊರೆ ಇರುವವನು ಮಾತಾಡಬೇಕಾಗಿಲ್ಲ ಎನ್ನುವುದು ಒಂದು ಅನುಕೂಲ. ಆದರೆ ನೊರೆ ಎಷ್ಟು ಹೊತ್ತು ಇದ್ದೀತು? ಮುಖ ತೊಳೆದು ಒರೆಸಿಕೊಳ್ಳುವಾಗಲೂ ಅವಳು ಅಲ್ಲೇ ಇದ್ದಳು. "ಇವತ್ತು ಎಲ್ಲಾ ಬರ್ತಾರಲ್ಲ, ನೋಡೋಣ," ಎಂದರು. ಎಲ್ಲರೂ ಬರುವುದಕ್ಕೂ ಹಲಗೆ ಇಳಿಸುವುದಕ್ಕೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

ಅವರ ಮನೆ ಇರುವುದು ಊರಿನ ಹಳೆಯ ಈಜುಕೊಳದ ಕಾಂಪೌಂಡಿಗೆ ಅಂಟಿಕೊಂಡು. ಈಜು ಕಲಿಸುವವನು ಕೊಳದ ಹತ್ತಿರವೇ ಇರಬೇಕೆಂದು ನಗರಸಭೆಯವರು ಕಟ್ಟಿಸಿಕೊಟ್ಟ ಮನೆ. ಒಂದು ಬೇಸಿಗೆಯ ಕೊನೆಗೆ ಪಂಪು ಸುಟ್ಟುಹೋಯಿತು. ಹೊಸದು ಬರುವವರೆಗೆ ಎಂದು ಗೇಟಿಗೆ ಬೀಗ ಹಾಕಿದರು. ಪಂಪು ಬರಲಿಲ್ಲ, ಬೀಗಕ್ಕೆ ತುಕ್ಕು ಬಂತು. ಮನೆ ಖಾಲಿ ಮಾಡಿ ಎಂದು ಹೇಳುವುದನ್ನೂ ಮರೆತರು. ಮಾಸ್ತರನ್ನು ತೆರಿಗೆ ಕಚೇರಿಗೆ ಹಾಕಿದರು. ಅಲ್ಲಿ ಮೊದಲ ದಿನವೇ ಹೆಡ್ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ನೀವು ನೀರಿನ ಕಡೆಯೋರಲ್ವಾ? ಹಾಗಾದ್ರೆ ಆ ಕುಡಿಯೋ ನೀರಿನ ಕ್ಯಾನು ತುಂಬಿಸಿಬಿಡಿ," ಎಂದಿದ್ದ. ಇಡೀ ಕೋಣೆ ನಕ್ಕಿತು. ಮಾಸ್ತರೂ ನಕ್ಕರು. ನಿವೃತ್ತಿಯಾಗುವವರೆಗೂ ಆ ಕ್ಯಾನು ಅವರ ಪಾಲಿಗೇ ಉಳಿಯಿತು. ಕಚೇರಿಯಿಂದ ಬಂದವರೇ ಬೀಗ ತೆಗೆದು ಒಳಗೆ ಹೋಗಿ, ಯಾರೂ ನಡೆಯದ ಕಟ್ಟೆಯನ್ನು ಗುಡಿಸುತ್ತಿದ್ದರು.

ಗುಡಿಸುವಾಗ ಕಿವಿ ತುಂಬ ಹಿಂದಿನ ಬೇಸಿಗೆಗಳ ಗದ್ದಲ. ರಜೆಯ ಮೊದಲ ದಿನ ಗೇಟಿನ ಮುಂದಿನ ಸಾಲು ರಸ್ತೆಯ ತಿರುವು ದಾಟಿರುತ್ತಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ, ಒದ್ದೆ ಹೆಜ್ಜೆ ಆರುವ ಮೊದಲೇ ಅದರ ಮೇಲೆ ಇನ್ನೊಂದು ಒದ್ದೆ ಹೆಜ್ಜೆ, ತುಟಿ ನೀಲಿಗಟ್ಟಿ ಹಲ್ಲು ಕಟಕಟ ಎನ್ನುತ್ತಿದ್ದರೂ ಚಳಿಯೇ ಇಲ್ಲ ಎಂದು ಸುಳ್ಳು ಹೇಳುವ ಮಕ್ಕಳು, ಬೆಂಚಿನ ಮೇಲೆ ಮಡಿಲಲ್ಲಿ ಟವೆಲು ಇಟ್ಟುಕೊಂಡು ಕೂತ ತಾಯಂದಿರು. ಒಬ್ಬೊಬ್ಬರನ್ನೇ ನೀರಿನ ಮೇಲೆ ಅಂಗಾತ ಮಲಗಿಸಿ, ಬೆನ್ನಿನಡಿ ಅಂಗೈ ಕೊಟ್ಟು, "ಮೇಲೆ ನೋಡು, ಮೋಡ ಎಲ್ಲಿಗೆ ಹೋಗ್ತಿದೆ ಹೇಳು ನೋಡೋಣ," ಎನ್ನುತ್ತಿದ್ದರು. ಮಗು ಮೋಡದ ಹಿಂದೆ ಹೋಗುವಾಗ ಇವರು ಕೈಯನ್ನು ಒಂದಿಷ್ಟೇ ಕೆಳಗಿಳಿಸುತ್ತಿದ್ದರು, ಆಮೇಲೆ ತೆಗೆದೇಬಿಡುತ್ತಿದ್ದರು. ತೇಲುತ್ತಿದ್ದೇನೆಂದು ತಿಳಿದ ಕೂಡಲೇ ಮಗು ಹೆದರಿ ಮುಳುಗುತ್ತಿತ್ತು, ಇವರು ಎತ್ತುತ್ತಿದ್ದರು, ಕೆಮ್ಮು, ಅಳು, ಮತ್ತೆ ಮೋಡ. ಆ ಅಂಗೈಗೆ ಈಗಲೂ ಒಮ್ಮೊಮ್ಮೆ ಸುಮ್ಮನೆ ಕೂತಾಗ ಅಷ್ಟು ಪುಟ್ಟ ಬೆನ್ನಿನ ಭಾರ ತಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಕಾಲು ಬಡಿಯುತ್ತಾರೆಂದು ಹೆಂಡತಿ ಮಂಚದ ನಡುವೆ ದಿಂಬು ಅಡ್ಡ ಇಟ್ಟುಕೊಂಡು ಮಲಗುವುದು ರೂಢಿಯಾಗಿಹೋಗಿದೆ. "ನಿಮ್ಮ ಜೊತೆ ಮಲಗೋಕೆ ಲೈಫ್ ಜಾಕೆಟ್ ಬೇಕು," ಎಂದು ಅವಳು ನೆಂಟರಿಷ್ಟರ ಎದುರಿಗೇ ಹೇಳುತ್ತಾಳೆ. ಕೊಳ ಮುಚ್ಚಿದ ಮೇಲೆ ಅವರು ಬೇರೆಲ್ಲೂ ನೀರಿಗೆ ಇಳಿದಿಲ್ಲ.

ಕಪ್ಪೆಗಳು ಬಂದದ್ದು ಯಾವ ವರ್ಷ ಎಂದು ಮಾಸ್ತರಿಗೆ ನೆನಪಿಲ್ಲ. ಮಳೆನೀರು ನಿಂತು ಕೊಳ ಅರ್ಧ ತುಂಬಿ, ಹಸಿರಾಗಿ, ತಳ ಕಾಣದಂತಾಗಿತ್ತು. ಒಂದು ಸಂಜೆ ಒಳಗಿನಿಂದ ಯಾರೋ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದಂಥ ಸದ್ದು ಬಂತು. ಕಿರುಬೆರಳಿನಷ್ಟಿದ್ದ, ಹೊಟ್ಟೆಯ ಮೇಲೆ ಹಳದಿ ಚುಕ್ಕೆಯಿದ್ದ ಕಪ್ಪೆಗಳು. ಮಾಸ್ತರಿಗೆ ಸಿಟ್ಟೇ ಬಂದಿತ್ತು. ಚೀಟಿ ಇಲ್ಲದೆ, ಸ್ನಾನ ಮಾಡದೆ ಕೊಳಕ್ಕೆ ಇಳಿದವರನ್ನು ಕಂಡರೆ ಬರುವಂಥ ಸಿಟ್ಟು. ಆದರೆ ಕೆಲವು ವಾರ ಕಳೆದು, ಬಾಲದ ಮರಿಗಳಿಗೆ ಕಾಲು ಮೂಡಿದಾಗ ಅವರು ಕಟ್ಟೆಯ ಮೇಲೆ ಪೊರಕೆ ಹಿಡಿದು ನಿಂತವರು ನಿಂತೇಬಿಟ್ಟರು. ಮರಿಗಳು ಗೋಡೆಯ ಉದ್ದಕ್ಕೂ ಸುತ್ತುತ್ತಿದ್ದವು. ನುಣುಪಾದ ಟೈಲ್ಸು, ಮೇಲೆ ಹೊರಚಾಚಿದ ಅಂಚು. ಮರ ಹತ್ತುವ ಕಪ್ಪೆಗಳ ಬೆರಳಿನ ಅಂಟು ಇವಕ್ಕಿಲ್ಲ. ಮುಂಗಾಲೆತ್ತಿ ಟೈಲ್ಸಿಗೆ ಇಡುವುದು, ಜಾರುವುದು, ಇಡುವುದು, ಜಾರುವುದು. ಮುಳುಗುವವರು ಕೂಗುವುದಿಲ್ಲ ಎನ್ನುವುದು ಮಾಸ್ತರಿಗೆ ಗೊತ್ತು. ಕೂಗಲು ಉಸಿರು ಬೇಕು. ಮುಳುಗುವವರು ಸುಮ್ಮನೆ ನೇರ ನಿಂತು, ಬಾಯಿಯನ್ನು ನೀರಿನ ಮಟ್ಟಕ್ಕೆ ಇಟ್ಟುಕೊಂಡು, ಏಣಿ ಹತ್ತುವವರ ಹಾಗೆ ಕೈ ಆಡಿಸುತ್ತಾರೆ. ಕೊಳ ಕಾಯುವ ಎತ್ತರದ ಕುರ್ಚಿಯ ಮೇಲೆ ಕೂತು ಅಷ್ಟು ಗದ್ದಲದಲ್ಲಿ ಅವರು ಹುಡುಕುತ್ತಿದ್ದದ್ದು ಸದ್ದು ಮಾಡದ ತಲೆಯನ್ನು. ಈಗ ಗೋಡೆಯುದ್ದಕ್ಕೂ ಅಂಥವೇ ತಲೆಗಳು, ಉಗುರಿನಷ್ಟು ಗಾತ್ರದವು. ಅವರು ಯೋಚಿಸಲೇ ಇಲ್ಲ. ಬಟ್ಟೆ ಬದಲಿಸುವ ಕೋಣೆಯ ಹಿಂದೆ ಬಿಚ್ಚಿಟ್ಟಿದ್ದ ಹಾರುಹಲಗೆಯನ್ನು ಎಳೆದು ತಂದು, ಹೆಂಡತಿಯನ್ನು ಕೂಗಿ ಹಗ್ಗ ಹಿಡಿಸಿ, ಒಂದು ತುದಿ ಕಟ್ಟೆಯ ಮೇಲೆ, ಒಂದು ತುದಿ ನೀರಿನೊಳಗೆ ಬರುವಂತೆ ಓರೆಯಾಗಿ ಇಳಿಸಿದರು. ಮಕ್ಕಳ ಕಾಲು ಜಾರಬಾರದೆಂದು ಅದರ ಮೇಲೆ ಅಂಟಿಸಿದ್ದ ನಾರಿನ ಚಾಪೆ ಇನ್ನೂ ಇತ್ತು. ಕತ್ತಲಾಗುವ ಮೊದಲೇ ಮರಿಗಳು ಹತ್ತತೊಡಗಿದವು. ಆಮೇಲೆ ಪ್ರತಿ ವರ್ಷ ಅದೇ ಹೊತ್ತಿಗೆ ಹಲಗೆ ಇಳಿಯಿತು. ಈ ವಿಷಯ ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ, ನೀರು ತುಂಬುವ ಮಾಸ್ತರು ಈಗ ಕಪ್ಪೆಗೆ ಈಜು ಕಲಿಸ್ತಾರಂತೆ ಎಂದು ಹೆಡ್ ಗುಮಾಸ್ತ ಒಂದು ವಾರ ನಗುತ್ತಿದ್ದ.

ಇವತ್ತು ಅವರು ಗೇಟಿನ ಬಳಿ ಬಂದಾಗ ಅದು ತೆರೆದೇ ಇತ್ತು. ಕೊಳದ ದುರಸ್ತಿಗೆಂದು ಬಂದ ಕಂಟ್ರಾಕ್ಟರ್ ಕಡೆಯವನೊಬ್ಬ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ. "ಯಾರ್ರೀ ಅದು? ಒಳಗೆ ಬರೋ ಹಾಗಿಲ್ಲ, ಕೆಲಸ ನಡೀತಿದೆ," ಎಂದ. ಮಾಸ್ತರು ಕೀಲಿಗೊಂಚಲನ್ನು ಎತ್ತಿ ತೋರಿಸಿದರು. ಅವನು ಅದನ್ನು ನೋಡಿಯೂ ನೋಡದವನಂತೆ, "ಸರಿ, ಆ ಕಡೆ ನಿಂತ್ಕೊಳ್ಳಿ," ಎಂದ. ಅವರು ಆ ಕಡೆ ನಿಂತರು. ತಮ್ಮದೇ ಕಟ್ಟೆಯ ಮೇಲೆ ಬೇರೆಯವರು ತೋರಿಸಿದ ಜಾಗದಲ್ಲಿ ನಿಲ್ಲುವುದು ಅಷ್ಟೇನೂ ಕಷ್ಟವಾಗಲಿಲ್ಲ, ಯಾಕೆಂದರೆ ಅಲ್ಲಿಂದ ಗೋಡೆಯ ಬುಡ ಕಾಣುತ್ತಿರಲಿಲ್ಲ.

ನಗರಸಭೆಯ ಎಂಜಿನಿಯರು ಬಂದವನೇ ಅವರ ಕೈ ಹಿಡಿದುಕೊಂಡ. ಊರಿಗೆ ಅವನು ಎಂಜಿನಿಯರು, ಮಾಸ್ತರಿಗೆ ದುಡುಂ. ಮೂಗು ಹಿಡಿದುಕೊಳ್ಳುವುದಕ್ಕೂ ಕಾಯದೆ ಹಲಗೆಯ ಮೇಲೆ ಓಡಿಬಂದು ದುಡುಂ ಎಂದು ಬೀಳುತ್ತಿದ್ದ ಹುಡುಗ. ಅರ್ಧ ಕೊಳದ ನೀರು ತಾಯಂದಿರ ಮಡಿಲಿಗೆ ಹಾರುತ್ತಿತ್ತು. ಈಗ ಅವನ ಹೊಟ್ಟೆ ಬೆಲ್ಟಿನ ಮೇಲೆ ಕೂತಿದೆ, ಕೂದಲು ಹಿಂದಕ್ಕೆ ಸರಿದಿದೆ. ಕೊಳದ ದುರಸ್ತಿಗೆ ಮಂಜೂರಾತಿ ತರಲು ಅವನು ಎಷ್ಟು ಬಾಗಿಲು ತಟ್ಟಿದ್ದಾನೆಂದು ಮಾಸ್ತರಿಗೆ ಗೊತ್ತು. ಹೊಸ ಟೈಲ್ಸಿನ ನೀಲಿಯನ್ನು ಫೋನಿನಲ್ಲಿ ತೋರಿಸಿ, "ನೀರು ತುಂಬಿದ ದಿನ ಮೊದಲು ನೀವೇ ಇಳೀಬೇಕು ಮಾಸ್ತರೇ, ಮಂತ್ರಿ ಬಂದ್ರೂ ಅವರು ಆಮೇಲೆ," ಎಂದಿದ್ದ. ಅವತ್ತು ಮಾಸ್ತರು ಮನೆಗೆ ಬಂದು ಕಪಾಟಿನ ತಳದಿಂದ ಈಜುವ ಚಡ್ಡಿ ಹುಡುಕಿ ತೆಗೆದರು. ಇಲಾಸ್ಟಿಕ್ಕು ಪುಡಿಪುಡಿಯಾಗಿತ್ತು. ಹೆಂಡತಿ ನಕ್ಕು, ಮರುದಿನವೇ ಹೊಸ ಇಲಾಸ್ಟಿಕ್ಕು ಪೋಣಿಸಿಕೊಟ್ಟಳು.

ಅವನ ಹಿಂದೆಯೇ ಕಂಬಿ ಬಂದಳು. ಕಪ್ಪೆಗಳ ಮೇಲೆ ಸಂಶೋಧನೆ ಮಾಡಿ ದೊಡ್ಡ ಹೆಸರು ಮಾಡಿದವಳು. ಆದರೆ ಅವಳು ಬ್ಯಾಗನ್ನು ಎದೆಗವಚಿಕೊಂಡು ಕೊಳದ ಅಂಚಿನಿಂದ ದೂರ ನಿಲ್ಲುವ ರೀತಿ ನೋಡಿದರೆ ಮಾಸ್ತರಿಗೆ ಕಾಣುವುದು, ಇಡೀ ಬೇಸಿಗೆ ಕೊಳದ ಕಂಬಿಯನ್ನು ಬಿಡದೆ ಹಿಡಿದುಕೊಂಡಿದ್ದ ಹುಡುಗಿಯೇ. ಅವಳೊಬ್ಬಳಿಗೆ ಅವರಿಂದ ಈಜು ಕಲಿಸಲಾಗಲಿಲ್ಲ. ಈ ಮಳೆಗಾಲದ ಶುರುವಿನಲ್ಲಿ ಅವಳು ಈ ರಸ್ತೆಯಲ್ಲಿ ಹೋಗುವಾಗ ಗೋಡೆಯಾಚೆಯ ಬಾಟಲಿ ಊದುವ ಸದ್ದು ಕೇಳಿ ಕಾರು ನಿಲ್ಲಿಸಿದ್ದಳಂತೆ. ಕಲ್ಲುಕ್ವಾರಿಯ ಹೊಂಡಗಳನ್ನು ಮುಚ್ಚಿದ ಮೇಲೆ ಈ ಕಪ್ಪೆ ಎಲ್ಲೂ ಉಳಿದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಅವತ್ತು ಅವಳು ಕಟ್ಟೆಯ ಮೇಲೆ ಕೂತು ಅತ್ತದ್ದನ್ನು ಮಾಸ್ತರು ನೋಡಿದ್ದಾರೆ. ಕಪ್ಪೆಗಾಗಿ ಯಾರಾದರೂ ಅಳುತ್ತಾರೆಯೇ ಎಂದು ಆಗ ಅನ್ನಿಸಿದ್ದು ನಿಜ. ಕೊಳಕ್ಕಾಗಿ ತಾನು ಅತ್ತದ್ದನ್ನು ಯಾರೂ ನೋಡಿಲ್ಲವಲ್ಲ ಎಂದೂ ಅನ್ನಿಸಿತ್ತು.

"ನೋಡು, ನಾನು ಕಪ್ಪೆಗಳ ಶತ್ರು ಅಲ್ಲ," ಎಂದ ದುಡುಂ. ಕೊಳ ದುರಸ್ತಿಯಾಗಬೇಕೋ, ಕಪ್ಪೆಗಳಿಗೆ ಉಳಿಯಬೇಕೋ ಎಂದು ಇವತ್ತು ತೀರ್ಮಾನವಾಗಬೇಕಿತ್ತು. "ಇಲ್ಲಿ ಮೊಟ್ಟೆ ಇಡ್ತವೆ, ಒಪ್ಕೊಳ್ತೀನಿ. ಆದ್ರೆ ಈ ಗೋಡೆ ನೋಡು. ಮರಿ ಹೊರಗೆ ಹೋಗೋದು ಹೇಗೆ? ಹುಟ್ಟಿದ್ದೆಲ್ಲ ಇಲ್ಲೇ ಸಾಯತ್ತೆ. ಇದು ಮನೆ ಅಲ್ಲಮ್ಮ, ಬೋನು. ನೀರು ಖಾಲಿ ಮಾಡಿ, ಇರೋದನ್ನ ಹಿಡಿದು ಪಾರ್ಕಿನ ಕೆರೆಗೆ ಬಿಡೋಣ."

"ಪಾರ್ಕಿನ ಕೆರೆ ತುಂಬ ಮೀನು. ಒಂದು ವಾರದಲ್ಲಿ ಮುಗಿಸಿಬಿಡ್ತವೆ," ಎಂದಳು ಕಂಬಿ. ಆದರೆ ಅವಳ ದನಿ ಇಳಿದಿತ್ತು. "ಗೋಡೆ ವಿಷಯ ನೀನು ಹೇಳೋದು ಸರಿ. ನಾನೂ ಅದನ್ನೇ ಯೋಚನೆ ಮಾಡ್ತಿದೀನಿ. ಹೊರಗೆ ಹೋಗೋ ದಾರಿ ಇಲ್ದಿದ್ರೆ ಇಷ್ಟು ವರ್ಷ ಹೇಗೆ ಉಳಿದ್ವು? ಎಲ್ಲಿಂದಲೋ ಪ್ರತಿ ಸಲ ಹೊಸದಾಗಿ ಬಂದು ಬೀಳ್ತಿರಬೇಕು. ಮರಿಗಳು ಇಲ್ಲಿಂದ ಬದುಕಿ ಹೋಗ್ತವೆ ಅಂತ ಗೊತ್ತಾಗದೆ ಇದನ್ನ ಉಳಿಸಿ ಅಂತ ನಾನು ಹೇಗೆ ಹೇಳ್ಲಿ?" ಅವಳು ಮಾಸ್ತರ ಕಡೆ ತಿರುಗಿದಳು. "ಮಾಸ್ತರೇ, ನೀವು ವರ್ಷಪೂರ್ತಿ ಇಲ್ಲೇ ಇರ್ತೀರ. ಮರಿಗಳು ಹೊರಗೆ ಹೋಗೋದನ್ನ ಯಾವತ್ತಾದ್ರೂ ನೋಡಿದೀರಾ?"

ಇಷ್ಟೇ ಪ್ರಶ್ನೆ. ಇದನ್ನು ಯಾರಾದರೂ ಕೇಳುತ್ತಾರೆಂದು ಅವರು ಎಣಿಸಿಯೇ ಇರಲಿಲ್ಲ. ಹಲಗೆ ಇಳಿಸದಿರುವುದು ಒಂದು ಕೆಲಸವೇ ಅಲ್ಲ, ಮಾಡದೆ ಇರುವುದು ಎಂದು ಅವರು ತಮಗೆ ತಾವೇ ಹೇಳಿಕೊಂಡಿದ್ದರು. ಯಾರನ್ನೂ ನೂಕಿದ್ದಲ್ಲ. ವಯಸ್ಸಾಯಿತು, ಹಲಗೆ ಭಾರ, ಸೊಂಟ ಹಿಡಿದುಕೊಳ್ಳುತ್ತದೆ. ಮರಿಗಳಿಗೆ ಕಾಲು ಮೂಡಿದ ದಿನ ಅವರು ಗುಡಿಸಲು ಬಂದವರು ಗೋಡೆಯ ಕಡೆ ನೋಡದೆ ಗುಡಿಸಿದರು. ಮರುದಿನ ಪೊರಕೆಯನ್ನೇ ತರಲಿಲ್ಲ. ಕೋಣೆಯ ಹಿಂದೆ ಬಿದ್ದಿದ್ದ ಹಲಗೆಯ ಮೇಲೆ ಹಳೆಯ ತಾಡಪಾಲು ಎಳೆದುಬಿಟ್ಟರು, ಬಿಸಿಲಿಗೆ ಹಾಳಾಗದಿರಲಿ ಎಂದು. ಇಷ್ಟಕ್ಕೂ ಅವರು ಕೇಳಿದ್ದೇನು? ತಮ್ಮದೇ ಕೊಳವನ್ನು. ಆ ಗದ್ದಲವನ್ನು, ಆ ಒದ್ದೆ ಹೆಜ್ಜೆಗಳನ್ನು, ಅಂಗೈ ಮೇಲೆ ಒಂದು ಪುಟ್ಟ ಬೆನ್ನನ್ನು. ಕಣ್ಣು ಮುಚ್ಚುವ ಮೊದಲು ಒಂದು ಬೇಸಿಗೆ. ಅದು ಅಂಥ ದೊಡ್ಡ ಆಸೆಯೇ?

"ಇಲ್ಲಮ್ಮ," ಎಂದರು ಮಾಸ್ತರು. "ನಾನು ನೋಡಿಲ್ಲ."

ಕಂಬಿ ತಲೆಯಾಡಿಸಿದಳು. ಅವರ ಮಾತನ್ನು ಅವಳು ಒಂದಿಷ್ಟೂ ಅನುಮಾನಿಸಲಿಲ್ಲ. ಬ್ಯಾಗಿನ ಜಿಪ್ಪು ಎಳೆದಳು. ಅದು ಅರ್ಧದಲ್ಲಿ ಸಿಕ್ಕಿಕೊಂಡಿತು, ಮತ್ತೆ ಎಳೆದಳು. ದುಡುಂ ಗೆದ್ದವನ ಹಾಗೇನೂ ನಗಲಿಲ್ಲ. ಅವನಿಗೂ ಬೇಜಾರಾದಂತಿತ್ತು, ಅವಳನ್ನು ಸಮಾಧಾನ ಮಾಡುವುದಕ್ಕೋ ಏನೋ ಕಂಟ್ರಾಕ್ಟರ್ ಕಡೆಯವನಿಗೆ ಕೇಳುವಂತೆ ಜೋರಾಗಿ, "ಈ ಮಾಸ್ತರು ಅಂದ್ರೆ ಸುಮ್ನೆ ಅಲ್ಲ ಕಣಯ್ಯ. ಇವರ ಸರ್ವೀಸಲ್ಲಿ ಈ ಕೊಳದಲ್ಲಿ ಒಂದೇ ಒಂದು ಜೀವ ಮುಳುಗಿಲ್ಲ. ಒಂದೇ ಒಂದು!" ಎಂದ. ಆ ಟೇಪಿನವನು ಈಗ ಮೊದಲ ಸಲ ಮಾಸ್ತರನ್ನು ಮರ್ಯಾದೆಯಿಂದ ನೋಡಿದ. ಇದೇ ಮಾತನ್ನು ಮಾಸ್ತರು ಎಷ್ಟು ಜನರ ಮುಂದೆ ಎದೆಯುಬ್ಬಿಸಿ ಹೇಳಿಲ್ಲ! ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕ್ಯಾನು ತುಂಬಿಸುವಾಗ ಹೆಡ್ ಗುಮಾಸ್ತನ ಮುಂದೆ ಕೂಡ. ಈಗ ಹೂಂಗುಟ್ಟಬೇಕಿತ್ತು. ಬದಲು ಅವರ ಕಾಲು ಎರಡು ಹೆಜ್ಜೆ ಮುಂದೆ ಹೋಯಿತು, ಕಣ್ಣು ಗೋಡೆಯ ಬುಡಕ್ಕೆ ಬಿತ್ತು.

ಅಲ್ಲಿ ನೀರಿನ ಅಂಚಿನುದ್ದಕ್ಕೂ ಬಿಳಿಯಾಗಿ ಏನೋ ಕೂಡಿಕೊಂಡಿತ್ತು. ಹೊಟ್ಟೆ ಮೇಲಾದ ಮರಿಗಳು. ಅವುಗಳ ನಡುವೆ ಒಂದು ಇನ್ನೂ ನೇರವಾಗಿತ್ತು. ಅದು ಈಜುತ್ತಿರಲಿಲ್ಲ. ಮೂತಿಯ ತುದಿಯನ್ನಷ್ಟೇ ನೀರಿನ ಮೇಲಿಟ್ಟು, ಮುಂಗಾಲುಗಳಿಂದ ಟೈಲ್ಸನ್ನು ಏಣಿಯಂತೆ ಹತ್ತಲು ನೋಡುತ್ತಿತ್ತು. ಸದ್ದಿಲ್ಲ.

"ದುಡುಂ! ಬಾರೋ ಇಲ್ಲಿ, ಹಿಡ್ಕೋ!" ಎಂದು ಅವರು ಕೂಗಿದ್ದು ಅವರಿಗೇ ಗೊತ್ತಾಗಲಿಲ್ಲ. ಅದು ಎತ್ತರದ ಕುರ್ಚಿಯ ಮೇಲಿಂದ ಇಡೀ ಕೊಳಕ್ಕೆ ಕೇಳಿಸುತ್ತಿದ್ದ ಕೂಗು. ನಗರಸಭೆಯ ಎಂಜಿನಿಯರು ಏನು ಎತ್ತ ಎಂದು ಕೇಳದೆ ಓಡಿಬಂದ. ಮಾಸ್ತರು ಅಷ್ಟರಲ್ಲಿ ಕೋಣೆಯ ಹಿಂದೆ ಹೋಗಿ ತಾಡಪಾಲನ್ನು ಕಿತ್ತೆಸೆದು ಹಲಗೆಯ ಒಂದು ತುದಿ ಎತ್ತಿಯಾಗಿತ್ತು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಹೊತ್ತು ತಂದರು. ಇಳಿಸುವಾಗ ದುಡುಂನ ಶೂ ಪಾಚಿಯಲ್ಲಿ ಜಾರಿ, ಅವನು ಕಟ್ಟೆಯ ಮೇಲೆ ಕುಕ್ಕರಿಸಿ ಬಿದ್ದ, ಪ್ಯಾಂಟೆಲ್ಲ ಹಸಿರಾಯಿತು. ಹಲಗೆಯ ತುದಿ ನೀರಿಗೆ ತಾಗಿ ಕೆಳಗಿಳಿದು ನಿಂತಿತು. ಅಲೆ ಗೋಡೆಗೆ ಬಡಿದು ಮರಳಿತು. ಕಂಬಿ ತನಗೇ ತಿಳಿಯದೆ ಅಂಚಿಗೇ ಬಂದು ಮಂಡಿಯೂರಿದ್ದಳು. ಎಲ್ಲಿಂದಲೋ ಒಂದು ಮರಿ ಬಂದು ನಾರಿನ ಚಾಪೆಯ ಮೇಲೆ ಮುಂಗಾಲಿಟ್ಟಿತು. ಜಾರಲಿಲ್ಲ. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ, ಮಕ್ಕಳು ಓಡಿಬಂದು ನೀರಿಗೆ ಹಾರುತ್ತಿದ್ದ ಹಲಗೆಯ ಮೇಲೆ ಅವು ನಿಂತು ನಿಂತು, ಮೊಂಡು ಬಾಲ ಎಳೆದುಕೊಂಡು, ಮೇಲಕ್ಕೆ ಬರುತ್ತಿದ್ದವು.

"ಪ್ರತಿ ವರ್ಷ?" ಎಂದು ಕೇಳಿದಳು ಕಂಬಿ.

"ಪ್ರತಿ ವರ್ಷ," ಎಂದರು ಮಾಸ್ತರು. "ಈ ವರ್ಷ ಇಳಿಸ್ಲಿಲ್ಲ."

ಅವಳು ಆ ಎರಡನೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಫೋನು ತೆಗೆದು ಯಾರಿಗೋ, "ಸಿಕ್ತು, ದಾರಿ ಸಿಕ್ತು, ಇದು ಇವುಗಳ ಮನೇನೇ!" ಎನ್ನುತ್ತ ಗೇಟಿನ ಕಡೆ ಹೊರಟಳು. ಖುಷಿಯಲ್ಲಿ ಅವಳು ಚಿಕ್ಕವಳ ಹಾಗೆ ಓಡುತ್ತಿದ್ದಳು. ಕಟ್ಟೆಯ ಮೇಲೆ ಓಡಬಾರದು ಎನ್ನಲು ಮಾಸ್ತರಿಗೆ ಬಾಯಿ ಬರಲಿಲ್ಲ. ದುಡುಂ ಬಿದ್ದಲ್ಲೇ ಕೂತಿದ್ದ.

"ನೀವು ಸುಮ್ನಿದ್ದಿದ್ರೆ ಸಾಕಿತ್ತು ಮಾಸ್ತರೇ. ಇಷ್ಟೆಲ್ಲ ನಿಮಗೋಸ್ಕರ ಓಡಾಡಿದ್ದು ನಾನು."

"ಸುಮ್ನೇ ಇದ್ನಲ್ಲೋ. ಮರಿಗೆ ಕಾಲು ಬಂದಾಗಿಂದ ಸುಮ್ನೇ ಇದ್ದೆ. ನೋಡು ಅಲ್ಲಿ."

ದುಡುಂ ಗೋಡೆಯ ಬುಡ ನೋಡಿದ. ಬಿಳಿ ಹೊಟ್ಟೆಗಳನ್ನು ನೋಡಿದ, ಮಾಸ್ತರ ಮುಖ ನೋಡಿದ, ಆಮೇಲೆ ತನ್ನ ಹಾಳಾದ ಪ್ಯಾಂಟನ್ನು ಉಜ್ಜತೊಡಗಿದ. ಅವನು ಬೈದಿದ್ದರೆ ಮಾಸ್ತರಿಗೆ ಹಗುರವಾಗುತ್ತಿತ್ತು. ನಾಚಿಕೆಯಿಂದ ಅವರ ಕಿವಿ ಬಿಸಿಯಾಗಿತ್ತು. ಚಪ್ಪಲಿ ಬಿಟ್ಟು, ಕಬ್ಬಿಣದ ಏಣಿ ಹಿಡಿದು, ಬಟ್ಟೆಯಲ್ಲೇ ಕೆಳಗಿಳಿದರು. ನೀರು ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ ಬಂತು. ಗೋಡೆಯುದ್ದಕ್ಕೂ ಮೆಲ್ಲನೆ ಸರಿಯುತ್ತ ಸತ್ತ ಮರಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು ಕಟ್ಟೆಯ ಮೇಲೆ ಇಡತೊಡಗಿದರು. ಅವಕ್ಕೆ ತೂಕವೇ ಇರಲಿಲ್ಲ. ಕೆಲಸ ಮುಗಿಯಿತು. ಆದರೂ ಅವರು ಏಣಿಯ ಕಡೆ ಹೋಗಲಿಲ್ಲ. ಪಾಚಿಯ ಕೆಳಗಿನ ನೆಲ ಎಲ್ಲಿ ಇಳಿಜಾರಾಗುತ್ತದೆ, ಎಲ್ಲಿ ಕಾಲು ತಪ್ಪುತ್ತದೆ ಎನ್ನುವುದು ಪಾದಗಳಿಗೆ ಇನ್ನೂ ಗೊತ್ತಿತ್ತು. ತಣ್ಣನೆಯ ನೀರು ಅಂಗಿಯೊಳಗೆ ನುಗ್ಗಿ ಅದನ್ನು ಉಬ್ಬಿಸಿತು. ಇಷ್ಟೆಲ್ಲ ಆದ ಮೇಲೂ, ಕಟ್ಟೆಯ ಮೇಲೆ ಅವು ಸಾಲಾಗಿ ಮಲಗಿರುವಾಗಲೂ, ಅವರಿಗೆ ಈಜಬೇಕೆನ್ನಿಸಿತು. ಬೇರೇನೂ ಬೇಡ, ಅಂಗಾತ ಮಲಗಿ ಒಂದು ಮೋಡ ನೋಡಿದರೆ ಸಾಕು ಎನ್ನಿಸಿ ಕಣ್ಣು ತುಂಬಿ ಬಂತು.

"ಮಾಸ್ತರೇ, ಮೇಲೆ ಬನ್ನಿ." ಕಂಬಿ ಮರಳಿ ಬಂದು ಅಂಚಿನಲ್ಲಿ ನಿಂತಿದ್ದಳು. ದನಿ ಮೆತ್ತಗಿತ್ತು, ಆದರೆ ಮೆತ್ತಗಿನ ದನಿಯೊಳಗೆ ಗಟ್ಟಿತನವಿತ್ತು. "ಮರಿಗಳು ಕಾಲಡಿ ಸಿಕ್ಕಿಬಿಡ್ತವೆ. ಇನ್ಮೇಲೆ ಇಲ್ಲಿ ಯಾರೂ ಇಳಿಯೋ ಹಾಗಿಲ್ಲ. ನೀವೂ ಅಷ್ಟೇ."

ಪ್ರತಿ ಸಂಜೆ ಸೀಟಿ ಊದಿ ಅದೇ ಅಂಚಿನಲ್ಲಿ ನಿಂತು ಅವರು ಹೇಳುತ್ತಿದ್ದದ್ದು ಮೇಲೆ ಬನ್ನಿ ಎನ್ನುವ ಆ ಮಾತನ್ನೇ. ನೀರಿನೊಳಗಿನ ತಲೆಗಳೆಲ್ಲ ಒಟ್ಟಿಗೆ ಗೋಗರೆಯುತ್ತಿದ್ದವು. ಅವರು ಒಮ್ಮೆಯೂ ಒಪ್ಪಿದವರಲ್ಲ.

"ಒಂದೇ ಒಂದು ನಿಮಿಷ ಕಣಮ್ಮ," ಎಂದರು ಮಾಸ್ತರು.